ಎಳ್ಳುಕಾಳಿನಷ್ಟು ಕಲೆ

ಪ್ರೀತಿಯ ಅಕ್ಕ,

ಖಗೋಳ ತರಬೇತಿಗೆ ಸೇರಿಕೊಂಡೆ. ಗುಮಾಸ್ತರು ನನ್ನ ನರೆಗೂದಲು ನೋಡಿ, "ಮಗಳಿಗೆ ಸೀಟು ಕೇಳೋಕೆ ಬಂದ್ರಾ?" ಅಂದರು. "ವಯಸ್ಸಿನ ಮಿತಿ ಇಲ್ಲ ಅಂತ ನೀವೇ ಅಚ್ಚು ಹಾಕ್ಸಿದ್ದೀರಲ್ಲ ಸಾರ್, ಸೀಟು ನನಗೇ," ಅಂದೆ.

ಇಲ್ಲಿ ದೂರದರ್ಶಕದಿಂದ ಸೂರ್ಯನನ್ನು ಬಿಳಿ ಹಾಳೆಯ ಮೇಲೆ ಬೀಳಿಸುತ್ತಾರೆ. ತಟ್ಟೆಯಗಲದ ಬೆಳಕು, ಅದರೊಳಗೆ ಎಳ್ಳುಕಾಳಿನಷ್ಟು ಕಪ್ಪು ಕಲೆ. "ಆ ಎಳ್ಳಿನೊಳಗೆ ನಮ್ಮ ಇಡೀ ಭೂಮಿ ಹಿಡಿಸುತ್ತೆ ಕಣಮ್ಮ," ಅಂದರು ಪಾಠ ಹೇಳುವ ಮೇಡಂ. ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಇಪ್ಪತ್ತೈದು ವರ್ಷ ಬಟ್ಟೆಗೆ ಗುರುತು ಹಾಕಿದ ಕೈ, ನಡುಗಲಿಲ್ಲ. ಮೇಡಂ ಅದನ್ನು ದಿನದ ದಾಖಲೆಗೇ ಸೇರಿಸಿದರು!

ಗಣಿತ ಮಾತ್ರ ಕಬ್ಬಿಣದ ಕಡಲೆ. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಹನ್ನೊಂದು ಬಂತು. ತಿಂಗಳ ಕೊನೆಗೆ ಇನ್ನೊಂದಿದೆ, ಅದರಲ್ಲೂ ಬಿದ್ದರೆ ಮನೆಗೆ ಕಳಿಸುತ್ತಾರೆ. ಗ್ರಂಥಾಲಯದಲ್ಲಿ ಶಾಲೆಯ ಪುಸ್ತಕಗಳೂ ಇವೆ. ನಾಚಿಕೆ ಬಿಟ್ಟು ಎಂಟನೇ ತರಗತಿಯದರಿಂದ ಶುರು ಮಾಡಿದ್ದೇನೆ, ಈಗ ಒಂಬತ್ತರಲ್ಲಿದ್ದೇನೆ.

ದೂರದರ್ಶಕ ಇರುವ ಗುಮ್ಮಟಕ್ಕೆ ಎಂಬತ್ತು ಮೆಟ್ಟಿಲು. ಮಂಡಿನೋವಿಗೆ ನೀನು ಕೊಟ್ಟ ಎಣ್ಣೆ ಹಚ್ಚುತ್ತಿದ್ದೇನೆ.

ಕಾಗದದಲ್ಲಿ ಜಾಗ ಮುಗಿಯಿತು. ನಾನು ವಾಪಸು ಬಂದರೆ ಬೇಕಾದೀತು ಅಂತ ನನ್ನ ಹೊಲಿಗೆ ಯಂತ್ರ ಎತ್ತಿಟ್ಟಿದ್ದೀಯಂತೆ. ಬೇಡ ಅಕ್ಕ, ನಿನ್ನ ಸೊಸೆಗೆ ಕೊಟ್ಟುಬಿಡು.

ನಿನ್ನ ತಂಗಿ