ಅವ್ವನ ಕೈಮೇಲಿನ ಮೋಡ

ಹೊಲಮನೆ, ಮುಶಿಗೇರಿ ದಾರಿ
ಗಜೇಂದ್ರಗಡ ತಾಲ್ಲೂಕು
9 ಸೆಪ್ಟೆಂಬರ್ 2023

ಪ್ರೀತಿಯ ಯಮನೂರಣ್ಣನಿಗೆ,

ನಿನ್ನ ತಂಗಿ ಮಹೇಶ್ವರಿಯ ನಮಸ್ಕಾರಗಳು. ಅಕ್ಷರ ಚೆನ್ನಾಗಿಲ್ಲ, ಅದಕ್ಕೆ ಬೈಯಬೇಡ. ಏಳನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ಈ ಕೈ ಕುಡಗೋಲು ಹಿಡಿದಷ್ಟು ಪೆನ್ನು ಹಿಡಿದಿಲ್ಲ. ಒತ್ತಕ್ಷರ ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು, ಓದಿ ಹೇಳು ಎಂದು ಇನ್ನೊಬ್ಬರ ಕೈಗೆ ಮಾತ್ರ ಕೊಡಬೇಡ. ನಿನ್ನ ಆರೋಗ್ಯ ಹೇಗಿದೆ? ಬಲೆಯ ಹಗ್ಗ ಎಳೆದು ಸುಲಿದಿದ್ದ ಅಂಗೈ ಮಾಯಿತೇ? ಉಪ್ಪುನೀರು ತಾಗಿದರೆ ಗಾಯ ಬೇಗ ಮಾಯುವುದಿಲ್ಲ ಎಂದು ನೀನೇ ಹೇಳಿದ್ದೆ. ನಾನು ಕಟ್ಟಿಕೊಟ್ಟ ಶೇಂಗಾ ಚಟ್ನಿ ಮುಗಿದಿರಬೇಕು. ನಿನ್ನ ಜೊತೆ ಖೋಲಿಯಲ್ಲಿರುವ ಖಾದರನಿಗೂ ಕೊಟ್ಟೆಯೋ, ಅಥವಾ ಚಿಕ್ಕವನಿದ್ದಾಗ ಬೆಲ್ಲ ಬಚ್ಚಿಡುತ್ತಿದ್ದ ಹಾಗೆ ಬಚ್ಚಿಟ್ಟುಕೊಂಡು ಒಬ್ಬನೇ ತಿಂದೆಯೋ? ಇಲ್ಲಿ ಅಪ್ಪ ಹುಷಾರಾಗಿದ್ದಾನೆ, ಎತ್ತುಗಳು ಹುಷಾರಾಗಿವೆ. ಮಳೆಯೂ ಬಂತು.

ಫೋನು ಮಾಡದೆ ಕಾಗದ ಯಾಕೆ ಬರೆದಳು ಎಂದುಕೊಳ್ಳುತ್ತೀ. ಅಪ್ಪನಿಗೆ ಕಿವಿ ಮಂದವಾದ ಮೇಲೆ ನಮ್ಮ ಮನೆಯ ಫೋನು ಸ್ಪೀಕರಿನಲ್ಲೇ ಮಾತಾಡುತ್ತದೆ. ನೀನು ಮಲ್ಪೆಯಲ್ಲಿ ಕೆಮ್ಮಿದರೆ ಇಲ್ಲಿ ಹಾದಿಯಲ್ಲಿ ಹೋಗುವವರಿಗೆ ಕೇಳುತ್ತದೆ. ಕೇಳಿದ್ದರಿಂದ ಏನಾಯಿತು ಎಂಬುದನ್ನು ಬರೆಯಲಿಕ್ಕೇ ಕುಳಿತಿದ್ದೇನೆ.

ಅವ್ವ ಈಗ ನಮ್ಮ ಹೊಲದ ಬದುವಿನಲ್ಲಿ ಇಲ್ಲ, ಅಣ್ಣಾ. ಅವಳನ್ನು ತೆಗೆದುಬಿಟ್ಟರು. ಬನ್ನಿಗಿಡದ ಕೆಳಗೆ ನೀನು ಮೊದಲ ಹಿಡಿ ಮಣ್ಣು ಹಾಕಿ ಮಲಗಿಸಿದ್ದ ಅವ್ವನನ್ನು ಸಲಿಕೆಯಿಂದ ಎಬ್ಬಿಸಿ, ಅಲ್ಲೇ ಸುಟ್ಟರು. ಅಪ್ಪ ನಿನಗೆ ಫೋನಿನಲ್ಲಿ ಹೇಳಿದ್ದು "ಎಲ್ಲಾ ಮುಗೀತಪಾ" ಎಂಬಷ್ಟೇ. ಹೇಗೆ ಮುಗಿಯಿತು ಎಂದು ಅವನೂ ಹೇಳಲಿಲ್ಲ, ನೀನೂ ಕೇಳಲಿಲ್ಲ.

ನೀನು ಶ್ರಾವಣಕ್ಕೆ ಮೊದಲೇ ದೋಣಿಗೆ ಹೋದೆ. ಆಮೇಲೆ ಒಂದು ಹನಿಯೂ ಬೀಳಲಿಲ್ಲ. ಹೆಸರು ಗೇಣುದ್ದ ಬೆಳೆದು ಅಲ್ಲೇ ಒಣಗಿತು. ಆಗ ಊರಿಗೆ ಒಬ್ಬ ಸಾಹೇಬರು ಬಂದರು, ಹವಾಮಾನದ ವಿಷಯ ತಿಳಿಸಿ ಹೇಳುವವರು. ದ್ಯಾಮವ್ವನ ಗುಡಿಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸಿದರು. ನಾನು ಹೆಂಗಸರ ಹಿಂದೆ ಕಂಬಕ್ಕೆ ಒರಗಿ ಕೇಳಿದೆ. ಕಲ್ಲಿದ್ದಲು, ಡೀಸೆಲ್ಲು ಎಲ್ಲ ಸುಟ್ಟ ಹೊಗೆ ಭೂಮಿಗೆ ಕೌದಿ ಹೊದಿಸಿದ ಹಾಗೆ ಆಗಿದೆಯಂತೆ. ಆ ಸೆಕೆಗೆ ಸಮುದ್ರ ಕಾದು, ಅಲ್ಲಿ ಏಳುವ ಚಂಡಮಾರುತಗಳ ಜೋರು ಹೆಚ್ಚಿದೆಯಂತೆ. ಮಳೆ ಬಂದರೆ ಒಮ್ಮೆಗೇ ಬರುತ್ತದೆ, ಇಲ್ಲವಾದರೆ ಇಲ್ಲವೇ ಇಲ್ಲ, ಇದಕ್ಕೆಲ್ಲ ಮನುಷ್ಯರೇ ಕಾರಣ ಎಂದರು. ನನಗೆ ನಿನ್ನ ಮಾತು ನೆನಪಾಯಿತು. ಜೂನಿನಲ್ಲಿ ದೋಣಿ ದಂಡೆಗೆ ಕಟ್ಟಿ ಊರಿಗೆ ಬಂದಾಗ ನೀನೂ ಅದನ್ನೇ ಹೇಳಿದ್ದೆ. ನಿಮ್ಮ ದೋಣಿ ನಡೆಸುವ ಮುದುಕ ತಾಂಡೇಲ, ತನ್ನ ಹರೆಯದಲ್ಲಿ ಈ ಸಮುದ್ರ ಇಷ್ಟು ಸಿಟ್ಟಿನದಾಗಿರಲಿಲ್ಲ, ಈಗ ಕೈ ಅದ್ದಿದರೆ ನೀರು ಎಮ್ಮೆಯ ಮೈಯ ಹಾಗೆ ಬೆಚ್ಚಗಿದೆ ಎಂದಿದ್ದನಲ್ಲ. "ನಮ್ಮ ಮುಂಗಾರಿ ಮಳಿ ಆ ಚಂಡಮಾರುತ ಕುಡಕೊಂಡ ಹೋತ ನೋಡ" ಎಂದು ನೀನು ಅಪ್ಪನ ಮುಂದೆ ಕೈ ತಿರುಗಿಸಿ ತೋರಿಸಿದ್ದೆ. ನಿನಗೆ ಗೊತ್ತಿತ್ತು, ಅಣ್ಣಾ. ಅದನ್ನು ಮರೆಯಬೇಡ.

ತೋಟಪ್ಪ ಸಾವಕಾರರು ಸಾಹೇಬರನ್ನು ಸುಮ್ಮನೆ ಬಿಡಲಿಲ್ಲ. "ನಮ್ಮ ಮುತ್ತಜ್ಜನ ಕಾಲಕ್ಕ ಡೋಗಿ ಬರ ಬಿತ್ತಲ್ರಿ, ಆವಾಗ ಯಾರ ಮನ್ಯಾಗ ಟ್ರ್ಯಾಕ್ಟರ್ ಇತ್ರಿ ಸಾಹೇಬ್ರ? ಮಳಿ ಮನಶ್ಯಾನ ಕೈಯಾಗ ಐತೇನ್ರಿ? ಅಂವಾ ಮ್ಯಾಲಿನಂವಾ ಕೊಟ್ಟರ ಉಂಟು" ಎಂದರು. ಎಲ್ಲರೂ ನಕ್ಕರು. ಸಾಹೇಬರು ಸಿಟ್ಟಾಗಲಿಲ್ಲ. ಜ್ವರ ಹಿಂದಿನವರಿಗೂ ಬರುತ್ತಿತ್ತು, ಹಾಗೆಂದು ಇವತ್ತಿನ ಜ್ವರಕ್ಕೆ ಕಾರಣ ಹುಡುಕದೆ ಬಿಡುತ್ತೀರಾ ಎಂದು ಕೇಳಿದರು. ಆಗ ದ್ಯಾಮೇಶ ಎದ್ದು ನಿಂತ. ನಿನ್ನ ಜೊತೆ ಕುಸ್ತಿ ಆಡುತ್ತಿದ್ದ ದ್ಯಾಮೇಶ. "ಮನಶ್ಯಾರ ಕಾರಣ ಅಂದದ್ದು ಖರೇನ ಐತ್ರಿ. ಆ ಗುಡ್ಡದ ಮ್ಯಾಲಿನ ಫ್ಯಾನ್ ಅದಾವಲ್ರಿ, ಅವ ಮೋಡ ಬೀಸಿ ಬೀಸಿ ಕೊಪ್ಪಳದ ಕಡೆ ಓಡಸ್ತಾವ" ಎಂದ. ಫ್ಯಾನು ಗಾಳಿಯನ್ನು ಬೀಸುವುದಿಲ್ಲ, ಗಾಳಿಯೇ ಫ್ಯಾನನ್ನು ತಿರುಗಿಸುತ್ತದೆ, ಹೊಗೆಯಿಲ್ಲದ ಕರೆಂಟು ಅದು ಎಂದು ಸಾಹೇಬರು ತಿಳಿಸಿ ಹೇಳಿದರು. ಹೊತ್ತು ಇಳಿಯುವ ಮುನ್ನ ಜೀಪು ಹತ್ತಿ ಹೋದರು. ಅವರು ಹೋದರು, ಅವರ ಒಂದೇ ಒಂದು ಮಾತು ಊರಲ್ಲಿ ಉಳಿಯಿತು. ಮನುಷ್ಯರೇ ಕಾರಣ.

ಮರುದಿನದಿಂದ ಹುಡುಗರೆಲ್ಲ ದ್ಯಾಮೇಶನ ಹಿಂದೆ. ಗುಡ್ಡಕ್ಕೆ ಹೋಗಿ ಫ್ಯಾನು ನಿಲ್ಲಿಸೋಣ ಎಂದು ಕಟ್ಟೆಯ ಮೇಲೆ ಕೂಗಾಡುತ್ತಿದ್ದರು. ಆ ಫ್ಯಾನುಗಳಲ್ಲಿ ಎರಡು ನಿಂತಿರುವುದು ತೋಟಪ್ಪನವರ ಹೊಲದಲ್ಲಿ ಎಂದು ನಿನಗೆ ಹೇಳಬೇಕಿಲ್ಲ. ಅವತ್ತು ಸಂಜೆ ತೋಟಪ್ಪನವರ ತಾಯಿ ಮುದುಕವ್ವ ಕೋಲು ಊರಿಕೊಂಡು ಗುಡಿಗೆ ಬಂದಳು. ಅವಳು ಮಗನನ್ನು ಕೇಳಿ ಬಂದಳೋ, ತಾನಾಗಿ ಬಂದಳೋ ನಾನರಿಯೆ. "ಮನಶ್ಯಾರ ಮಾಡಿದ್ದು ಅಂತ ಕಲತಾಂವ ಬಂದ ಹೇಳಿ ಹೋಗ್ಯಾನ. ಹಂಗಾರ ಯಾವ ಮನಶ್ಯಾ ಅಂತ ಹುಡಕ್ರ್ಯೋ ಖೋಡಿಗೋಳ್ರ್ಯಾ. ತೊನ್ನ ಇದ್ದಾಕಿನ್ನ ಮಣ್ಣಾಗ ಇಟ್ಟು ಮ್ಯಾಲ ನೋಡಿದರ ಮಳಿ ಎಲ್ಲಿಂದ ಬರಬೇಕು?" ಎಂದಳು. ಎಲ್ಲರ ಮುಖವೂ ಅಪ್ಪನ ಕಡೆ ತಿರುಗಿತು. ಅಪ್ಪನಿಗೆ ಕೇಳಿಸಿರಲಿಲ್ಲ. ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡು ಸಣ್ಣಗೆ ನಕ್ಕ. ಆ ನಗು ನನಗೆ ಇನ್ನೂ ಕಣ್ಣ ಮುಂದೆ ಇದೆ.

ನಾನು ಮಾತಾಡಿದೆ, ಅಣ್ಣಾ. ನೀನು ನಂಬುವುದಿಲ್ಲ. ಅಂಗಡಿಯಲ್ಲಿ ಚಹಪುಡಿ ಕೇಳಲಿಕ್ಕೂ ಇನ್ನೊಬ್ಬರನ್ನು ಮುಂದೆ ಮಾಡುವವಳು, ಅಷ್ಟು ಜನರ ನಡುವೆ ಮಾತಾಡಿದೆ. "ಹ್ವಾದ ವರ್ಷ ಬ್ಯಾಸಗ್ಯಾಗ ಅವ್ವನ್ನ ಇಟ್ಟೀವ್ರಿ. ಆ ವರ್ಷ ಮಳಿ ಹೆಚ್ಚಾಗಿ ನಿಮ್ಮ ಹೊಲದಾಗಿನ ಹೆಸರೂ ಕೊಳೀತಲ್ರಿ, ಅಮ್ಮಾ. ಅವ್ವ ಮಳಿ ತಡಿಯಾಕಿದ್ದರ ಆವಾಗ್ಯಾಕ ತಡಿಲಿಲ್ಲ?" ಎಂದೆ. ಪೂರ್ತಿ ಹೇಳಿದೆ. ಗೆದ್ದೆ ಎಂದುಕೊಂಡೆ. ಮುದುಕವ್ವ ಬಾಯಲ್ಲಿದ್ದ ಎಲೆ ಈ ಕಡೆಯಿಂದ ಆ ಕಡೆಗೆ ಹೊರಳಿಸಿ, "ಮೊದಲನೇ ವರ್ಷ ಹೆಣ ಹಸೀನ ಇರತೈತಬೇ ಹುಚ್ಚಿ, ಅದಕ್ಕ ನೀರ ಬ್ಯಾಡ. ಒಣಗಿದ ಮ್ಯಾಲ ಕುಡಿತೈತಿ" ಎಂದಳು. ಹೌದೌದು ಎಂದು ಎಲ್ಲರೂ ತಲೆ ಅಲ್ಲಾಡಿಸಿದರು. ಮನುಷ್ಯನ ಕೈಯಲ್ಲಿ ಮಳೆ ಇಲ್ಲ ಎಂದಿದ್ದ ತೋಟಪ್ಪನವರೂ ಅಲ್ಲಾಡಿಸಿದರು. ದ್ಯಾಮೇಶನೂ ಅಲ್ಲಾಡಿಸಿದ. ಊರ ಟ್ರ್ಯಾಕ್ಟರು, ಕಲ್ಲಿನ ಕ್ರಷರು, ದೇಶದ ಕಾರ್ಖಾನೆಗಳೆಲ್ಲ ಸೇರಿದರೂ ಆಗಲಾರದ್ದು ಸತ್ತು ಮಲಗಿದ ಒಬ್ಬ ಹೆಂಗಸಿನಿಂದ ಆಗುತ್ತದೆ ಎಂದು ಅವರೆಲ್ಲ ಒಪ್ಪಿದರು.

ಆದರೂ ಅಪ್ಪ ಹೂಂ ಅನ್ನಲಿಲ್ಲ. ಮನೆಗೆ ಬಂದವರಿಗೆಲ್ಲ ಒಂದೇ ಮಾತು ಹೇಳಿದ. "ಮಣ್ಣ ಕೊಟ್ಟಾಂವ ನನ್ನ ಮಗಾ. ಅಂವಾ ಅನ್ನೂತನಕಾ ನಾ ಸಲಿಕಿ ಮುಟ್ಟಂಗಿಲ್ಲ." ಮೊದಲ ಮಣ್ಣು ಹಾಕಿದವನ ಮಾತಿಲ್ಲದೆ ಮಣ್ಣು ತೆಗೆಯಬಾರದು ಎಂಬುದು ಅವರಿಗೂ ಗೊತ್ತು. ಅದೊಂದನ್ನು ಹಿಡಿದುಕೊಂಡು ಅಪ್ಪ ಬಾಗಿಲಲ್ಲಿ ಕುಳಿತಿದ್ದ. ನೀನು ನಡುಸಮುದ್ರದಲ್ಲಿದ್ದೆ, ಫೋನು ಹತ್ತುತ್ತಿರಲಿಲ್ಲ. ನೀನು ಅಲ್ಲೇ ಇನ್ನಷ್ಟು ದಿನ ಇರಲಿ, ಅಷ್ಟರಲ್ಲಿ ಮಳೆ ಬಂದುಬಿಡಲಿ ಎಂದು ನಾನು ಬೇಡಿಕೊಂಡೆ. ಆದರೆ ಫೋನು ಹತ್ತಿತು. ತೋಟಪ್ಪನವರು ಅಪ್ಪನ ಪಕ್ಕದಲ್ಲೇ ಕುಳಿತಿದ್ದರು. ಅಪ್ಪ ಎಲ್ಲ ಹೇಳಿದ. ಮೀನು ಇಳಿಸುವ ಗದ್ದಲದ ನಡುವೆ ನಿನ್ನ ಧ್ವನಿ ನಮ್ಮ ಅಂಗಳದಲ್ಲೆಲ್ಲ ಕೇಳಿತು. "ಊರಾಗ ಇರಬೇಕಾದಾಂವ ನೀ. ಮಂದಿ ಹ್ಯಾಂಗ ಅಂತಾರ ಹಂಗ ಮಾಡಿಬಿಡ ಯಪ್ಪಾ. ಸತ್ತಾಕಿಗೇನ ತಿಳಿತೈತಿ?"

ಅದರ ಹಿಂದೆಯೇ ಇನ್ನೊಂದು ಮಾತೂ ಹೇಳಿದೆ, ನೆನಪಿದೆಯೇ? ಬಂಗಾಳದ ಕಡೆ ಸಮುದ್ರದಲ್ಲಿ ಗಾಳಿ ತಿರುಗಿದೆ, ಎಂಟು ದಿನದೊಳಗೆ ನಮ್ಮ ಕಡೆ ಮಳೆ ಬರುತ್ತದೆ ಎಂದು ತಾಂಡೇಲ ಹೇಳಿದ್ದಾನೆ ಎಂದೆ. ತೋಟಪ್ಪನವರು ಎರಡೂ ಮಾತು ಕೇಳಿದರು. ಎದ್ದು ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು, "ಹಂಗಾರ ತಡಾ ಬ್ಯಾಡ, ಮೈಲಾರಪ್ಪ. ಲಗೂನ ಮುಗಸೂನು" ಎಂದು ಅಪ್ಪನಿಗೆ ಹೇಳಿದರು. ಯಾಕೆ ಅಷ್ಟು ಅವಸರ ಎಂದು ಆಗ ನನಗೆ ಹೊಳೆಯಲಿಲ್ಲ. ಮಳೆ ತಾನಾಗಿ ಬರುವ ಮೊದಲೇ ಮುಗಿಯಬೇಕಿತ್ತು ಎಂದು ಈಗ ಹೊಳೆಯುತ್ತದೆ, ಆದರೆ ಯಾರ ಮುಂದೆ ಹೇಳಲಿ?

ಮುಸ್ಸಂಜೆಗೆ ಅಗೆದರು. ನಿನ್ನ ಬದಲು ಅಪ್ಪನ ಕೈಯಿಂದ ಮೊದಲ ಸಲಿಕೆ ಹಾಕಿಸಿದರು. ಹೆಂಗಸರು ಬರಬಾರದು ಎಂದು ನನ್ನನ್ನು ಒಳಗಿಟ್ಟು ಚಿಲಕ ಹಾಕಿದರು, ಆದರೆ ನಮ್ಮ ಕಿಟಕಿಯಿಂದ ಬನ್ನಿಗಿಡ ಕಾಣುತ್ತದೆ. ಅವಳಿಗೆ ಉಡಿಸಿದ್ದ ಹಸಿರು ಇಲಕಲ್ ಸೀರೆಯ ಸೆರಗು ಕಂಡಿತು. ಉಳಿದದ್ದನ್ನು ಬರೆಯುವುದಿಲ್ಲ. ಕಟ್ಟಿಗೆ ಸಾಲದೆ ತೋಟಪ್ಪನವರ ಮನೆಯಿಂದ ಟ್ರ್ಯಾಕ್ಟರಿನ ಹಳೆಯ ಟೈರು ಉರುಳಿಸಿಕೊಂಡು ಬಂದು, ಮೇಲೆ ಡೀಸೆಲ್ಲು ಸುರಿದರು. ಕರಿ ಹೊಗೆ ಎದ್ದು ನೆಟ್ಟಗೆ ಮೇಲಕ್ಕೆ ಹೋಯಿತು. ಸಾಹೇಬರು ಹೇಳಿದ ಆ ಕೌದಿಗೆ ನಮ್ಮ ಅವ್ವನೂ ಒಂದು ತುಂಡು ಆದಳು.

ಆ ವಾರ ಮುಗಿಯುವುದರೊಳಗೆ ಮಳೆ ಬಂತು. ನಿಮ್ಮ ತಾಂಡೇಲ ಹೇಳಿದ ಹಾಗೆಯೇ ಬಂತು. ಜನ ಅಂಗಳದಲ್ಲಿ ನಿಂತು ನೆನೆದರು. "ಏನಂತಿ ಈಗ?" ಎಂದು ದ್ಯಾಮೇಶ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿ ಕೇಳಿದ. ಇನ್ನು ಈ ಊರಿನಲ್ಲಿ ಯಾವ ಸಾಹೇಬರು ಯಾವ ಬಟ್ಟೆ ಕಟ್ಟಿ ಯಾವ ಚಿತ್ರ ತೋರಿಸಿದರೂ ನಡೆಯುವುದಿಲ್ಲ. ಬೂದಿ ಮಳೆನೀರಿನ ಜೊತೆ ಹೊಲದ ಸಾಲಿಗೆ ಇಳಿದು ಹೋಯಿತು. ಹಿಂಗಾರಿಗೆ ಅಪ್ಪ ಅಲ್ಲೇ ಕಡಲೆ ಬಿತ್ತಬೇಕು. ಮುದುಕವ್ವ ನಮ್ಮ ಮನೆಗೆ ಹೋಳಿಗೆ ಕಳಿಸಿದಳು. "ನಿಮ್ಮವ್ವನಿಂದ ಊರಿಗೆ ಚಲೋ ಆತು, ತಿನ್ನಬೇ" ಎಂದು ಹೇಳಿಕಳಿಸಿದಳು. ಅವ್ವ ಬದುಕಿದ್ದಾಗ ಅವಳ ಕೈಯಿಂದ ಒಂದು ತಂಬಿಗೆ ನೀರನ್ನೂ ಮುಟ್ಟದವಳು. ನಾನು ಹೋಳಿಗೆಯನ್ನು ಎತ್ತಿನ ಗೋದಲಿಗೆ ಹಾಕಿದೆ. ಅಪ್ಪ ಈಗ ಊಟಕ್ಕೆ ಬನ್ನಿಗಿಡಕ್ಕೆ ಬೆನ್ನು ಮಾಡಿ ಕೂರುತ್ತಾನೆ.

ನೀನು ಸಣ್ಣವನಿದ್ದಾಗ ಅವ್ವ ಆ ಬಿಳಿ ಕಲೆಯ ಕೈಯಿಂದ ರೊಟ್ಟಿ ಬಡಿಯುವುದನ್ನು ನೋಡಿ, "ಅವ್ವನ ಕೈಮ್ಯಾಲ ಮೋಡ ಬಂದಾವ" ಎಂದಿದ್ದೆಯಂತೆ. ಅದನ್ನು ಹೇಳಿ ಹೇಳಿ ಅವ್ವ ನಗುತ್ತಿದ್ದಳು. ಊರವರು ಏನಂದರೂ ನನ್ನ ಮಗ ಮೋಡ ಅಂದಿದ್ದಾನೆ ಎನ್ನುತ್ತಿದ್ದಳು. ಗದಗಿನ ದವಾಖಾನೆಯಲ್ಲಿ, ಇದು ಅಂಟುವುದಿಲ್ಲ ತಾಯಿ, ಚರ್ಮದ ಬಣ್ಣ ಹೋಗಿದೆ ಅಷ್ಟೇ ಎಂದು ಡಾಕ್ಟರು ಹೇಳಿದ ದಿನಕ್ಕಿಂತ ಅವಳಿಗೆ ನಿನ್ನ ಆ ಮಾತೇ ದೊಡ್ಡದಾಗಿತ್ತು. ಸತ್ತವಳಿಗೆ ಏನು ತಿಳಿಯುತ್ತದೆ ಎಂದೆ. ನನಗೂ ಗೊತ್ತಿಲ್ಲ. ಬದುಕಿದ್ದಾಗ ಅವಳಿಗೆ ಎಲ್ಲವೂ ತಿಳಿಯುತ್ತಿತ್ತು.

ಹೆಚ್ಚು ಬರೆದೆನೇನೋ. ಸಮುದ್ರದಲ್ಲಿ ಗಾಳಿ ನೋಡಿಕೊಂಡು ಹೋಗು. ಚಂಡಮಾರುತದ ಸುದ್ದಿ ಬಂದರೆ ಕೂಲಿಯ ಆಸೆಗೆ ದೋಣಿ ಹತ್ತಬೇಡ, ನಿನ್ನ ತಾಂಡೇಲ ಬೇಡ ಎಂದರೆ ಕೇಳು. ಖಾದರನಿಗೆ ನನ್ನ ನಮಸ್ಕಾರ ತಿಳಿಸು. ಅಪ್ಪನ ಆಶೀರ್ವಾದ ನಿನ್ನ ಮೇಲಿದೆ. ಅವನು ಬರೆ ಎಂದು ಹೇಳಲಿಲ್ಲ, ನಾನೇ ಬರೆದಿದ್ದೇನೆ.

ನಿನ್ನ ತಂಗಿ,
ಮಹೇಶ್ವರಿ

ತಾ. ಕ.: ನೀನು ಬಿಟ್ಟುಹೋದ ನೀಲಿ ತುಂಬುತೋಳಿನ ಅಂಗಿ ಕೇಳದೆ ತೆಗೆದುಕೊಂಡಿದ್ದೇನೆ. ಹೊಲದ ಕಸ ತೆಗೆಯಲು ಹೋಗುವ ಹೆಂಗಸರೆಲ್ಲ ಸೀರೆಯ ಮೇಲೆ ಗಂಡಸರ ಅಂಗಿ ಹಾಕುವುದರಿಂದ ಯಾರೂ ಏನೂ ಕೇಳುವುದಿಲ್ಲ. ನನ್ನ ಎಡ ಮೊಣಕೈಯ ಕೆಳಗೆ ಬಿಳಿ ಬಂದಿದೆ, ಅಣ್ಣಾ. ಮೊದಲು ಸುಣ್ಣ ತಾಗಿರಬೇಕು ಎಂದು ತಿಕ್ಕಿ ತೊಳೆದೆ. ಅಪ್ಪನಿಗೆ ಹೇಳಿಲ್ಲ. ಬಣ್ಣಕ್ಕೆ ನಾನು ಹೆದರುವುದಿಲ್ಲ, ಅವ್ವನ ಮಗಳು. ಮುಂದೆ ಯಾವಾಗಲೋ ಮಳೆ ತಡವಾಗುತ್ತದೆ, ಇನ್ನು ತಡವಾಗುತ್ತಲೇ ಇರುತ್ತದಂತಲ್ಲ. ಆಗ ಅವರು ನಿನಗೆ ಫೋನು ಹಚ್ಚಿ ನನ್ನ ಹೆಸರು ಹೇಳಿದರೆ ನೀನು ಏನನ್ನುತ್ತೀ? ಅದೊಂದನ್ನು ಬರೆದು ಕಳಿಸು, ಫೋನಿನಲ್ಲಿ ಹೇಳಬೇಡ. ಇವತ್ತು ಮುಂಜಾನೆ ನಿನ್ನ ಅಂಗಿಯ ತೋಳಿಗೆ ಬಿದ್ದುಹೋಗಿದ್ದ ಗುಂಡಿ ಹಚ್ಚಿದೆ. ಮುಂಗೈತನಕ ಎಳೆದು ಗುಂಡಿ ಹಾಕಿಕೊಂಡು, ತೋಟಪ್ಪನವರ ಹತ್ತಿ ಹೊಲಕ್ಕೆ ಕಸ ತೆಗೆಯಲು ಹೋಗಿ ಬಂದೆ.