ಹದಿನಾಲ್ಕು ಗೋಲಿನ ಆಟ

ಮಾರ್ಚ್ ೯, ಶನಿವಾರ.

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಅಚ್ಚಾಗಿ ಬಂತು. ಅರವತ್ತೆಂಟರ ಆ ಆಟವೇ ಅದರಲ್ಲಿಲ್ಲ. ಅಧ್ಯಕ್ಷ ಕ್ಲೈವ್‌ನನ್ನು ಚಹಾದ ಗೂಡಿನ ಹತ್ತಿರ ಹಿಡಿದು ಕೇಳಿದೆ.

"ಹದಿನಾಲ್ಕು ಗೋಲು ತಿಂದಿದ್ದನ್ನ ಯಾರಾದ್ರೂ ಡಂಗುರ ಹೊಡೀತಾರಾ, ಯಜಮಾನ್ರೇ? ಗೋಲ್‌ಕೀಪರ್ ನೀವೇ ಅಲ್ವಾ, ನಿಮ್ಮ ಮಾನ ಉಳಿಸಿದೀನಿ," ಅಂತ ನಕ್ಕ.

ಇವನು ಉಳಿಸಬೇಕೇ ನನ್ನ ಮಾನ? ಅಂದು ಊರಿಗೆಲ್ಲ ಜ್ವರ, ನಮ್ಮ ತಂಡದಿಂದ ಮೈದಾನಕ್ಕೆ ಬಂದವರು ಏಳೇ ಜನ. ಆರಾಗಿದ್ದರೆ ಆಟ ರದ್ದು, ಕ್ಲಬ್ಬು ಲೀಗಿನಿಂದಲೇ ಹೊರಗೆ. ಆ ಏಳರಲ್ಲಿ ಒಬ್ಬನಾದ ಅರ್ನೆಸ್ಟ್ ಉಳುಕಿದ ಕಾಲನ್ನು ಎಳೆದುಕೊಂಡೇ ಕೊನೆಯ ಸೀಟಿಯವರೆಗೂ ನಿಂತ. ಅವನು ಕ್ಲಬ್ಬಿಗೆ ಆಡಿದ್ದು ಅದೊಂದೇ ಆಟ. ಆ ಪುಟವಿಲ್ಲದಿದ್ದರೆ ಅವನು ಆಡಿಯೇ ಇಲ್ಲ ಎಂದ ಹಾಗಾಯಿತು.

ನನ್ನ ಪ್ರತಿಯ ಕೊನೆಯ ಖಾಲಿ ಹಾಳೆಯಲ್ಲಿ ಏಳೂ ಹೆಸರು ಬರೆದೆ, ಅರ್ನೆಸ್ಟ್‌ನದೇ ಮೊದಲು. ಉಳಿದ ಇನ್ನೂರು ಪ್ರತಿ ಕ್ಲಬ್ಬಿನ ಕೋಣೆಯಲ್ಲಿವೆ. ಬೀಗದ ಕೈ ನನ್ನ ಹತ್ತಿರವೂ ಒಂದಿದೆ. ಕೈ ನೋಯುತ್ತದೆ, ನೋಯಲಿ, ದಿನಕ್ಕೆ ಇಪ್ಪತ್ತು ಪ್ರತಿಯಲ್ಲಾದರೂ ಬರೆದರೆ...