ದಾರ ಕಟ್ಟಿದ ಕತ್ತರಿ

ಅರಸೀಕೆರೆ
೧೪ ಜುಲೈ ೨೦೨೫

ಚಿ. ಹೇಮಾಶ್ರೀಗೆ ನಿನ್ನ ಭಾಗ್ಯಕ್ಕನ ಆಶೀರ್ವಾದಗಳು.

ಇಲ್ಲಿ ಅವ್ವನೂ ನಾನೂ ಚೆನ್ನಾಗಿದ್ದೇವೆ. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಕಂಪನಿಯದೇ ಬೇಲೂರಿನ ಫ್ಯಾಕ್ಟರಿಗೆ ಹೋದ ಮೇಲೆ ನೀನು ಫೋನ್ ನಂಬರ್ ಬದಲಾಯಿಸಿದೆ. ನಾನು ಜಾಮೀನಿನ ಮೇಲೆ ಜೈಲಿನಿಂದ ಬಂದು ನಿನ್ನ ವಿಳಾಸ ಹುಡುಕುವಷ್ಟರಲ್ಲಿ ಮಳೆಗಾಲ ಬಂತು. ಅವ್ವ ಮಾತ್ರ "ನಮ್ ಹೇಮ ಸೂಪರ್‌ವೈಸರ್ ಆಗವ್ಳೆ" ಎಂದು ಕೇರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ನನ್ನ ಕೇಸು ನಿನಗೆ ಗೊತ್ತೇ ಇದೆ. ಸಂಘ ಕಟ್ಟಿ ಕೆಲಸ ನಿಲ್ಲಿಸಿದ ದಿನ ಫ್ಲೋರ್ ಇನ್‌ಚಾರ್ಜ್ ಮಹಾಂತೇಶನ ಮೇಲೆ ನಾನು ಕತ್ತರಿ ಎಸೆದೆನಂತೆ. ಮಾರಕ ಆಯುಧದ ಹಲ್ಲೆಯಂತೆ! ವಿದೇಶದ ಕಾರ್ಮಿಕ ಒಕ್ಕೂಟದವರು ನನ್ನ ಪರವಾಗಿ ಸರ್ಕಾರಕ್ಕೂ, ನಮ್ಮ ಶರ್ಟು ಕೊಳ್ಳುವ ಹೊರದೇಶದ ಕಂಪನಿಗೂ ಬರೆದರು. ವಿಚಾರಣೆ ನೋಡಲೆಂದು ಕೊಲಂಬೋದಿಂದ ಒಬ್ಬ ಹೆಂಗಸನ್ನೂ ಕಳಿಸಿದರು. ಆಕೆಯೂ ಒಂದು ಕಾಲಕ್ಕೆ ಟೈಲರ್, ಸಂಘ ಕಟ್ಟಿ ಜೈಲು ಕಂಡವಳು. ಆಕೆ ಕೋರ್ಟಿನಲ್ಲಿ ಸುಮ್ಮನೆ ಕೂತಿದ್ದಕ್ಕೇ ನಮ್ಮ ಮ್ಯಾನೇಜರ್ ಬೆವರಿ ಒದ್ದೆಯಾದ. ನನಗೆ ಹೊಟ್ಟೆ ತಣ್ಣಗಾಯಿತು.

ದೂರನ್ನು ಓದಿಸಿಕೊಂಡ ಆಕೆ ಮೊದಲು ಕೇಳಿದ್ದೇನು ಗೊತ್ತಾ? ನಿಮ್ಮಲ್ಲೂ ಕತ್ತರಿಯನ್ನು ಮೆಷಿನ್ನಿಗೆ ಕಟ್ಟಿರುತ್ತಾರಾ ಎಂದು. ನಾನು ನಕ್ಕುಬಿಟ್ಟೆ. ಮೊಳದುದ್ದದ ದಾರ. ಎಸೆದರೆ ನನ್ನ ಮಡಿಲಿಗೇ ಬೀಳಬೇಕು!

ಕಳೆದ ವಾರ ಕಂಪನಿ ಮಣಿಯಿತು. ವಕೀಲ ಗುರುಮೂರ್ತಿಯವರು ಓಡಿಬಂದರು. "ರಾಜಿ ಆದ್ರೆ ಹೈಕೋರ್ಟಲ್ಲಿ ಕೇಸ್ ರದ್ದಾಗುತ್ತೆ ಕಣಮ್ಮ. ಕೆಲಸಾನೂ ವಾಪಸ್ ಕೊಡ್ತಾರಂತೆ" ಎಂದರು. ಆಗುವುದಿಲ್ಲ ಎಂದೆ. "ತಲೆಗಿಲೆ ಕೆಟ್ಟೈತಾ? ಶಿಕ್ಷೆ ಆದ್ರೆ ವರ್ಷಗಟ್ಟಲೆ ಒಳಗೆ ಕೊಳೀತೀಯ!" ಎಂದು ರೇಗಿದರು. ಕೊಲಂಬೋದಾಕೆಯೂ ಜೊತೆಯವರಿಂದ ಕನ್ನಡದಲ್ಲಿ ಹೇಳಿಸಿದಳು: ನಿನ್ನನ್ನು ಜೈಲಿನಿಂದ ಹೊರಗಿಡುವುದು ನಮ್ಮ ಕೆಲಸ, ಸೇಡು ತೀರಿಸಿಕೊಡುವುದಲ್ಲ.

ಒಳ್ಳೆಯ ಹೆಂಗಸು. ಆದರೆ ನನಗೆ ಸೇಡೇ ಬೇಕು ಹೇಮಾ. ಜೈಲಿನಲ್ಲಿ ಸೊಳ್ಳೆ ಹೊಡೆಯುತ್ತ ಕೂತಾಗ ನಾನು ದೇವರಲ್ಲಿ ಬೇಡಿದ್ದು ಬಿಡುಗಡೆಯನ್ನಲ್ಲ. ಆ ಸುಳ್ಳಿಗೆ ಸಹಿ ಹಾಕಿದವರು ತುಂಬಿದ ಕೋರ್ಟಿನಲ್ಲಿ ಅದನ್ನೇ ಬಾಯಿಬಿಟ್ಟು ಹೇಳಬೇಕು. ವಕೀಲರು ದಾರದ ಮಾತು ಎತ್ತಿದಾಗ ಆ ಬಾಯಿ ಒಣಗಬೇಕು, ನಾನು ಕಣ್ತುಂಬ ನೋಡಬೇಕು. ಅದಕ್ಕಾಗಿ ಮತ್ತೆ ಒಳಗೆ ಹೋಗಬೇಕಾಗಿ ಬಂದರೂ ಸರಿ, ವಿಚಾರಣೆ ನಡೆಯಲಿ ಎಂದಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಶೀತವಿದೆ, ಸ್ವೆಟರ್ ಹಾಕಿಕೋ. ದೇವರು ನಿನಗೆ ಆಯಸ್ಸು ಕೊಡಲಿ, ಜೊತೆಗೆ ಒಳ್ಳೆಯ ನೆನಪನ್ನೂ ಕೊಡಲಿ.

ಇಂತಿ,
ನಿನ್ನನ್ನು ಎತ್ತಿ ಆಡಿಸಿದ ಅಕ್ಕ
ಭಾಗ್ಯ

ತಾ.ಕ.: ನನ್ನ ವಿರುದ್ಧದ ಮೊದಲ ಸಾಕ್ಷಿ ನೀನೇ ಎಂದು ವಕೀಲರು ಹೇಳಿದಾಗ ನಾನು ಅವರ ಮೇಲೇ ಕೂಗಾಡಿದ್ದೆ. ಆಮೇಲೆ ನಿನ್ನ ಸಹಿ ತೋರಿಸಿದರು. ನನ್ನ ಪಕ್ಕದ ಮೆಷಿನ್ನಿನಲ್ಲೇ ಕೂತು ಹೊಲಿಗೆ ಕಲಿತವಳು ನೀನು, ಆ ಸುಳ್ಳಿಗೆ ಸಹಿ ಹಾಕಲು ಹೇಗೆ ಕೈ ಬಂತೇ? ರಾಜಿಯಾದರೆ ನೀನು ಕಟಕಟೆ ಹತ್ತಬೇಕಾಗಿಲ್ಲ. ಅದಕ್ಕೇ ನಾನು ಒಪ್ಪಲಿಲ್ಲ. ಸಾಕ್ಷಿಗೆ ಕಾಗದ ಬರೆಯಬಾರದಂತೆ. ಇದನ್ನು ಪೊಲೀಸರಿಗೆ ಕೊಟ್ಟರೆ ನನ್ನ ಜಾಮೀನು ಹೋಗುತ್ತದೆ. ಕೊಡುವುದಾದರೆ ಕೊಡು. ಅವ್ವನಿಗೆ ಇನ್ನೂ ಏನೂ ಗೊತ್ತಿಲ್ಲ. ನೀನು ಸಾಕ್ಷಿ ಹೇಳುವ ದಿನ ಅವಳನ್ನೂ ಕೋರ್ಟಿಗೆ ಕರೆತಂದು ನಿನ್ನ ಎದುರಿಗೇ ಕೂರಿಸುತ್ತೇನೆ.